ಖಾಲಿ ಗುಳ್ಳೆಗಳು

ಬ್ರೆಸ್ಟಿನ ಆಸ್ಪತ್ರೆ. ಐದನೆಯ ಮಹಡಿ.
ಕಿಟಕಿಯಾಚೆ ಬಂದರಿನ ಕ್ರೇನುಗಳು
ಯಾರನ್ನೋ ಎತ್ತಲು ಬಗ್ಗಿ ಹಾಗೇ ನಿಂತಿವೆ.

ಗುಲ್ವೆನ್, ನನ್ನ ತಮ್ಮ,
ನಲವತ್ತೊಂಬತ್ತು, ಬಲೆ ಹೆಣೆಯುವವ,
ಬಾಯಲ್ಲಿ ಕೊಳವೆ.
ಎದೆ ಏರುತ್ತದೆ, ಇಳಿಯುತ್ತದೆ.
ಅದು ಯಂತ್ರದ ದುಡಿಮೆ, ಅವನದಲ್ಲ.

ಡಾಕ್ಟರ್ ತ್ರೆಗಾರೋ ನನ್ನೆದುರೇ ಎಲ್ಲ ಮಾಡಿದಳು.
ಟಾರ್ಚ್ ಬಿಟ್ಟಳು: ಪಾಪೆ ಕದಲಲಿಲ್ಲ.
ಹತ್ತಿಯ ಎಳೆ ತಾಗಿಸಿದಳು: ರೆಪ್ಪೆ ಮಿಟುಕಲಿಲ್ಲ.
ಕಿವಿಗೆ ಐಸ್ ನೀರು ಹೊಯ್ದಳು.
ಚಿಕ್ಕಂದಿನಲ್ಲಿ ಬೆನ್ನಿಗೊಂದು ಹನಿ ತಣ್ಣೀರು ಬಿದ್ದರೆ
ಬೀದಿ ಒಂದು ಮಾಡುತ್ತಿದ್ದ ಹುಡುಗ
ಸುಮ್ಮನೆ ಮಲಗಿದ್ದ.
ಹುಬ್ಬಿನ ಎಲುಬಿಗೆ ಹೆಬ್ಬೆರಳು ಒತ್ತಿದಳು
ತನ್ನ ಉಗುರು ಬೆಳ್ಳಗಾಗುವವರೆಗೆ.
ನೋವಾದದ್ದು ನನಗೆ.

ಆಮೇಲೆ ಇನ್ನೊಬ್ಬಳು ಬಂದಳು,
ಮೆತ್ತನೆಯ ಚಪ್ಪಲಿ, ಮೆತ್ತನೆಯ ದನಿ.
ಹಾಗೇನಾದರೂ ಆದರೆ, ಮೂತ್ರಪಿಂಡ, ಯಕೃತ್ತು...
ನಿಮ್ಮ ತಮ್ಮ ಯಾವತ್ತಾದರೂ ಬೇಡ ಅಂದದ್ದುಂಟೇ?
ಗುಲ್ವೆನ್ ಯಾವುದಕ್ಕೂ ಬೇಡ ಅಂದವನಲ್ಲ:
ಸಾಲ ಕೇಳಿದವರಿಗೆ, ಕೊನೆಯ ಗ್ಲಾಸಿಗೆ,
ನೆನೆದು ಬಂದ ಬೆಕ್ಕಿಗೆ.
ಇಲ್ಲ, ಅಂದೆ. ಬೇಡ ಅಂದಿಲ್ಲ.
ಅಷ್ಟು ಸಲೀಸಾಗಿ ಬಂತು ಮಾತು,
ದಕ್ಕೆಯಲ್ಲಿ ಮೀನಿನ ದರ ಹೇಳಿದ ಹಾಗೆ.

ತ್ರೆಗಾರೋ ಮಾತ್ರ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.
ತಲೆಯ ಚಿತ್ರದಲ್ಲಿ ಏನೂ ಇಲ್ಲ, ಅಂದಳು,
ಊತವಿಲ್ಲ, ರಕ್ತವಿಲ್ಲ. ಪರೀಕ್ಷೆಯಲ್ಲೂ ಏನೂ ಇಲ್ಲ.
ಈ ಎರಡು ‘ಏನೂ ಇಲ್ಲ’ಗಳು
ಒಂದನ್ನೊಂದು ನಂಬುತ್ತಿಲ್ಲ.
ಮನೆಯಲ್ಲಿ ಏನೇನು ಮಾತ್ರೆ ಇದ್ದವು, ನೋಡಿ ಬನ್ನಿ.

ದುವಾರ್ನೆನೆಗೆ ಒಂದು ಗಂಟೆಯ ದಾರಿ.
ಅಟ್ಟದಲ್ಲಿ ಟಾರಿನ ವಾಸನೆ,
ಅರ್ಧ ಕಟ್ಟಿದ ಸಾರ್ಡೀನ್ ಬಲೆ,
ಸೂಜಿ ಇನ್ನೂ ಬಲೆಯ ಕಣ್ಣಿನಲ್ಲೇ.
ಗೂಟದ ಮೇಲೆ ಮಳೆಕೋಟು,
ಜೇಬಿನಲ್ಲಿ ಮಡಚಿದ ಬೆಳ್ಳಿ ಹಾಳೆಗಳು.
ಬ್ಯಾಕ್ಲೋಫೆನ್. ಕುಡಿತದ ಚಪಲ ತಗ್ಗಲೆಂದು
ಬೇಸಿಗೆಯಿಂದ ನುಂಗುತ್ತಿದ್ದ.
ನೆಲಕ್ಕೆ ಕೂತು ಎಣಿಸಿದೆ,
ಅಜ್ಜಿ ಕಾರ್ಖಾನೆಯಲ್ಲಿ ಮೀನು ಎಣಿಸುತ್ತಿದ್ದಂತೆ, ಐದೈದಾಗಿ.
ಎಪ್ಪತ್ತೈದು ಖಾಲಿ ಗುಳ್ಳೆ.
ಅಂಗಡಿಯ ರಸೀದಿ ಮೊನ್ನೆ ಶನಿವಾರದ್ದು.

ಫೋನಿನಲ್ಲಿ ತ್ರೆಗಾರೋ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಹಾಗಾದರೆ ಕಾಯೋಣ, ಅಂದಳು.
ಇದು ಸಾವಿನ ವೇಷ ಹಾಕಬಲ್ಲ ಮದ್ದು.
ಸಹಿಯನ್ನೂ ಥೇಟ್ ಅದರ ಹಾಗೇ ಮಾಡುತ್ತದೆ.

ಮಂಗಳವಾರ. ರಕ್ತ ತೊಳೆಯುವ ಯಂತ್ರ ತಂದರು.
ಬುಧವಾರ. ಪಾಪೆ ಹಾಗೇ.
ಗುರುವಾರ ಸೂಜಿ, ದಾರ ತಂದು
ಅವನ ಕಾಲ ಬುಡದಲ್ಲಿ ಬಲೆ ಮುಂದುವರಿಸಿದೆ.
ಮೆತ್ತನೆಯ ಚಪ್ಪಲಿಯವಳು ಪಡಸಾಲೆಯಲ್ಲಿ
ತಲೆಯಾಡಿಸಿ ಹೋದಳು, ಏನೂ ಕೇಳಲಿಲ್ಲ.
ಎಲ್ಲೋ ಒಂದು ಊರಿನಲ್ಲಿ ಯಾರೋ
ಫೋನನ್ನು ದಿಂಬಿನ ಪಕ್ಕ ಇಟ್ಟು ಮಲಗಿರುತ್ತಾರೆ.
ಅದು ಸದ್ದು ಮಾಡದಿರಲಿ ಎಂದು
ನಾನಿಲ್ಲಿ ಬೇಡಿಕೊಳ್ಳುತ್ತಿದ್ದೆ.
ದೇವರಿಗೆ ಈ ಬೇಡಿಕೆ ಹೇಗೆ ಕೇಳಿಸುತ್ತದೋ.

ಶನಿವಾರ ರಾತ್ರಿ ಮೂರಕ್ಕೆ
ನರ್ಸ್ ಸೋಲೆನ್ ಕೊಳವೆಯ ಕಫ ಎಳೆಯುವಾಗ
ಕೆಮ್ಮಿದ.
ಒಂದೇ ಒಂದು ಕೆಮ್ಮು,
ಹೊಲಸು, ಗೊರಗೊರ, ಮೂವತ್ತು ವರ್ಷ ಸಿಗರೇಟು ಸೇದಿದ್ದು.
ಸೋಲೆನ್ ನನ್ನ ಮುಖ ನೋಡಿದಳು.
ಅವಳಿಗೂ ಕೇಳಿಸಿತ್ತು, ಹಾಗಾದರೆ.

ಮರುದಿನ ಹೆಬ್ಬೆರಳು. ಸೋಮವಾರ ಕಣ್ಣು.
ಮಾತು ಬಂದದ್ದು ಇನ್ನೊಂದು ವಾರಕ್ಕೆ:
ಬಲೆ ಮುಗಿಸಿದ್ದು ಯಾರು? ಗಂಟು ಸಡಿಲ.

ಕೇಳಿದೆ: ನುಂಗಿದ್ದು ಲೆಕ್ಕ ತಪ್ಪಿಯೋ, ಲೆಕ್ಕ ಹಾಕಿಯೋ?
ಕ್ರೇನುಗಳ ಕಡೆ ತಿರುಗಿದ.
ನಾನೂ ಹೇಳಿಲ್ಲ
ಅಂದು ಅವನ ಪರವಾಗಿ ನಾನಂದ ‘ಇಲ್ಲ’ವನ್ನು.

ಬೆಳ್ಳಿ ಹಾಳೆ ನನ್ನ ಜೇಬಿನಲ್ಲೇ ಇದೆ.
ಇವತ್ತಿನಿಂದ ಮೊಸರು ಕೊಡಬಹುದಂತೆ, ತೆಳ್ಳಗೆ.
ಡ್ರಾಯರಿನಲ್ಲಿ ಚಮಚ ಹುಡುಕುತ್ತಿದ್ದೇನೆ.